ವುಝೂಗೆ ಒಂದು ಚೆಂಬು ನೀರು ಸಾಕು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಮಳೆ ನಮ್ಮ ಕರಾವಳಿಯ ಕಾಲು ಭಾಗವೂ ಇಲ್ಲ. ಬೇಸಿಗೆಗೆ ನೀರು ಉಳಿಯಲೆಂದು ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ, ತಮ್ಮದೇ ದುಡ್ಡು, ದುಡಿಮೆ ಹಾಕಿ 1989ರಲ್ಲಿ ಚಿಕ್ಕಪಡಸಲಗಿ ಬಳಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದರು. ನೀರಿನ ಬೆಲೆ ಅವರಿಗೆ ಗೊತ್ತು. ನಮಗೆ?

ವುಝೂ ಮಾಡುವಾಗ ನಳ್ಳಿಯಿಂದ ನಿಮಿಷಕ್ಕೆ 6 ಲೀಟರ್ ಹರಿಯಿತೆಂದು ಇಟ್ಟುಕೊಳ್ಳೋಣ. ಎರಡು ನಿಮಿಷಕ್ಕೆ 12 ಲೀಟರ್ ಆಯಿತು. ನಾಲ್ಕು ಜನರ ಮನೆಯಲ್ಲಿ ಐದು ಹೊತ್ತಿಗೆ 240, ತಿಂಗಳಿಗೆ 7,200 ಲೀಟರ್! ಚೆಂಬಿನಲ್ಲಿ ಒಂದೊಂದು ಲೀಟರ್ ಹಿಡಿದರೆ ತಿಂಗಳಿಗೆ ಬರೀ 600. ಮೀಟರ್ ಇದ್ದಲ್ಲಿ ಬಿಲ್ಲೂ ಇಳಿದೀತು.

ಪ್ರವಾದಿ(ಸ)ಯವರು ಒಂದು ಮುದ್ದ್, ಅಂದರೆ ಲೀಟರಿಗಿಂತ ಕಡಿಮೆ ನೀರಿನಲ್ಲೇ ವುಝೂ ಮಾಡುತ್ತಿದ್ದರು. ಇವತ್ತಿನ ಮಗ್ರಿಬ್‌ನಿಂದಲೇ ನಾವೂ ನಳ್ಳಿ ನಿಲ್ಲಿಸಿ ಚೆಂಬು ಹಿಡಿಯೋಣ.