ಹೃದಯಕ್ಕೆ ಸಿ.ಟಿ.: ತಲಪಾಡಿ ದಾಟುವ ಮೊದಲು ತಿಳಿದಿರಲಿ

ಕಾಸರಗೋಡು: ಪೆರ್ಲ ಕಡೆಯ ಅಡಿಕೆ ಕೃಷಿಕರೊಬ್ಬರಿಗೆ ಗುಡ್ಡೆ ಹತ್ತುವಾಗ ಎದೆ ಬಿಗಿದ ಹಾಗೆ ಆಗುತ್ತಿತ್ತು. ಮಂಗಳೂರಿನ ವೈದ್ಯರು ಪರೀಕ್ಷಿಸಿ, ಕಾಂಟ್ರಾಸ್ಟ್ ಕೊಟ್ಟು ಹೃದಯದ ಸಿ.ಟಿ. ಸ್ಕ್ಯಾನ್ ಮಾಡಿಸಲು ಚೀಟಿ ಬರೆದುಕೊಟ್ಟರು. ಹೇಳಿದ ದಿನ ಬೆಳಗ್ಗಿನ ಬಸ್ಸಿಗೇ ಹೊರಟರು. ಮನೆಯಲ್ಲಿ ಒಂದು ಲೋಟ ಕಾಫಿ, ದಾರಿಯಲ್ಲಿ ಇನ್ನೊಂದು. ಆಸ್ಪತ್ರೆಯಲ್ಲಿ ನಾಡಿ ನೋಡಿದರೆ ನಿಮಿಷಕ್ಕೆ 90ರ ಮೇಲೆ. ಕ್ರಿಯಾಟಿನಿನ್ ರಿಪೋರ್ಟ್ ಕೇಳಿದರೆ ಅದು ಮನೆಯ ಕಪಾಟಿನಲ್ಲಿ. ಆ ದಿನ ಸ್ಕ್ಯಾನ್ ಆಗಲಿಲ್ಲ.

‘ಎಂತ ಮಾಷ್ಟ್ರೇ, ಇಡೀ ದಿನ ಹೋಯ್ತು. ಕಾಫಿ ಕುಡೀಬೇಡಿ ಅಂತ ಮೊದಲೇ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ’ ಎಂಬುದು ಅವರ ಬೇಸರ.

ಬೇಸರದಲ್ಲಿ ಅರ್ಥವಿದೆ. ದೊಡ್ಡ ಪರೀಕ್ಷೆ, ದೊಡ್ಡ ಚಿಕಿತ್ಸೆ ಎಂದರೆ ಇಲ್ಲಿನ ಕನ್ನಡ, ತುಳು ಮನೆಗಳವರು ಇಂದಿಗೂ ಸುಮಾರು 50 ಕಿ.ಮೀ. ದೂರದ ಮಂಗಳೂರಿನ ಕಡೆಗೇ ನೋಡುತ್ತಾರೆ. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅದರ ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ಶುರುವಾದದ್ದು 2020ರ ಏಪ್ರಿಲ್‌ನಲ್ಲಿ. ಅದೇ ಹೊತ್ತಿಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ರೋಗಿಗಳ ಆಂಬ್ಯುಲೆನ್ಸ್‌ಗೂ ದಾರಿ ಇಲ್ಲದೆ, ವಿಷಯ ಸುಪ್ರೀಂ ಕೋರ್ಟಿನ ತನಕ ಹೋದದ್ದನ್ನು ಗಡಿನಾಡಿನವರು ಮರೆತಿಲ್ಲ. ಇಷ್ಟು ಕಷ್ಟಪಟ್ಟು ಹೋಗುವವರು ತಯಾರಿಯಿಲ್ಲದ ಕಾರಣಕ್ಕೆ ವಾಪಸ್ ಬರುವಂತಾಗಬಾರದು.

ಮಿಡಿಯುವ ಅಂಗದ ಫೋಟೋ

ತಲೆಯ ಸಿ.ಟಿ. ಸುಲಭ, ಏಕೆಂದರೆ ತಲೆ ಅಲುಗದೆ ಇರುತ್ತದೆ. ಇಂಗ್ಲೆಂಡಿನಲ್ಲಿ 1971ರಲ್ಲಿ ರೋಗಿಯೊಬ್ಬರ ಮೇಲೆ ನಡೆದ ಮೊದಲ ಸಿ.ಟಿ. ಕೂಡ ಮೆದುಳಿನದ್ದೇ. ಹೃದಯ ಹಾಗಲ್ಲ, ಕ್ಷಣವೂ ನಿಲ್ಲುವುದಿಲ್ಲ. ಅದರ ಮೇಲೆ ಹರಡಿಕೊಂಡಿರುವ ಕೊರೊನರಿ ರಕ್ತನಾಳಗಳು ಬರೀ ಎರಡು ಮೂರು ಮಿಲಿಮೀಟರ್ ದಪ್ಪ. ಓಡುವ ಬಸ್ಸಿನ ಬೋರ್ಡನ್ನು ಸ್ಪಷ್ಟವಾಗಿ ಫೋಟೋ ತೆಗೆದ ಹಾಗಿನ ಕೆಲಸ ಇದು. 2004ರ ಸುಮಾರಿಗೆ 64 ಸ್ಲೈಸ್‌ನ ಯಂತ್ರಗಳು ಬಂದ ಮೇಲಷ್ಟೇ ಇದು ದಿನನಿತ್ಯದ ಪರೀಕ್ಷೆಯಾಯಿತು.

ಎದೆಗೆ ಇ.ಸಿ.ಜಿ. ವಯರು ಅಂಟಿಸುತ್ತಾರೆ. ಎರಡು ಮಿಡಿತಗಳ ನಡುವೆ ಹೃದಯ ಸ್ವಲ್ಪ ಸುಮ್ಮನಿರುವ ಗಳಿಗೆಯನ್ನು ನೋಡಿಕೊಂಡು ಯಂತ್ರ ಚಿತ್ರ ತೆಗೆಯುತ್ತದೆ. ನಾಡಿ ನಿಮಿಷಕ್ಕೆ 60ರ ಆಸುಪಾಸು ಇದ್ದರೆ ಆ ಗಳಿಗೆ ದೊಡ್ಡದು, 90 ಇದ್ದರೆ ತೀರಾ ಚಿಕ್ಕದು. ಕಾಫಿ, ಚಹಾ ಬೇಡ ಎನ್ನುವುದು, ನಾಡಿ ಇಳಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆ ಕೊಡುವುದು ಇದಕ್ಕೇ. ಆಸ್ತಮಾ ಇರುವವರಿಗೆ ಈ ಮಾತ್ರೆ ಆಗದಿರಬಹುದು. ಅದನ್ನು ಅವರು ಕೇಳುವ ಮೊದಲೇ ಹೇಳಿಬಿಡಬೇಕು.

ರಕ್ತನಾಳ ಅಗಲವಾಗಲು ನಾಲಿಗೆಯಡಿ ನೈಟ್ರೇಟ್ ಮಾತ್ರೆಯನ್ನೋ ಸ್ಪ್ರೇಯನ್ನೋ ಕೊಡುವುದುಂಟು. ‘ಶಕ್ತಿ’ಗೆಂದು ಸಿಲ್ಡೆನಾಫಿಲ್ ಜಾತಿಯ ಮಾತ್ರೆ ತೆಗೆದುಕೊಂಡಿದ್ದರೆ ಎರಡೂ ಸೇರಿ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯಬಹುದು. ಮಗನೋ ಸೊಸೆಯೋ ಪಕ್ಕದಲ್ಲಿದ್ದಾರೆ ಎಂದು ಇದನ್ನು ನುಂಗಿಕೊಳ್ಳುವವರು ಇದ್ದಾರೆ. ನಾಚಿಕೆಯಾದರೆ ಅವರನ್ನು ಹೊರಗೆ ಕಳಿಸಿ ಹೇಳಿ.

‘ಡೈ’ ಎಂದರೆ ಬಣ್ಣವಲ್ಲ

ಜನ ‘ಡೈ’ ಎನ್ನುವ ಈ ಔಷಧದಲ್ಲಿ ಇರುವುದು ಅಯೋಡಿನ್. ಅದು ಎಕ್ಸ್‌ರೇಯನ್ನು ತಡೆಯುವುದರಿಂದ ರಕ್ತ ಹರಿಯುವ ಜಾಗವೆಲ್ಲ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿ ಇಕ್ಕಟ್ಟಾಗಿದ್ದರೆ ಆ ಬಿಳಿ ಗೆರೆ ಅಲ್ಲಿ ಸಪೂರವಾಗುತ್ತದೆ. ಮೊಣಕೈ ಬಳಿಯ ನರಕ್ಕೆ ಸೂಜಿ ಹಾಕಿ, 50ರಿಂದ 100 ಮಿ.ಲೀ. ಔಷಧವನ್ನು ಪಂಪಿನಲ್ಲಿ ಸೆಕೆಂಡಿಗೆ ಸುಮಾರು 5 ಮಿ.ಲೀ. ವೇಗದಲ್ಲಿ ಬಿಡುತ್ತಾರೆ. ಮೈಯಿಡೀ ಬಿಸಿ ಹರಿದ ಹಾಗೆ, ಬಾಯಿಗೆ ಕಬ್ಬಿಣದ ರುಚಿ, ಮೂತ್ರ ಹೋಯಿತೇನೋ ಎಂಬ ಅನುಮಾನ. ಹೆದರಬೇಕಾಗಿಲ್ಲ, ಅರೆ ನಿಮಿಷದಲ್ಲಿ ಕಡಿಮೆಯಾಗುತ್ತದೆ. ಆದರೆ ಸೂಜಿ ಹಾಕಿದ ಕಡೆ ಉರಿ, ಊತ, ಗಂಟಲು ಕಟ್ಟಿದ ಹಾಗೆ, ತುರಿಕೆ ಇವು ಬಂದರೆ ಕೂಡಲೇ ಕೂಗಿ ಹೇಳಬೇಕು.

ನಮ್ಮ ಕರಾವಳಿಯಲ್ಲಿ ಒಂದು ನಂಬಿಕೆ ಬಲವಾಗಿದೆ: ಸಿಗಡಿ, ಏಡಿ ತಿಂದರೆ ಮೈ ತುರಿಸುವವರಿಗೆ ಡೈ ಆಗದು, ಎರಡರಲ್ಲೂ ಅಯೋಡಿನ್ ಉಂಟಲ್ಲ ಎಂದು. ಇದು ಸರಿಯಲ್ಲ. ಸಿಗಡಿಯ ಅಲರ್ಜಿಗೆ ಕಾರಣ ಅದರ ಪ್ರೊಟೀನ್, ಅಯೋಡಿನ್ ಅಲ್ಲ. ಹಿಂದೆ ಯಾವಾಗಲಾದರೂ ಕಾಂಟ್ರಾಸ್ಟ್ ಕೊಟ್ಟಾಗ ತೊಂದರೆಯಾಗಿತ್ತೇ ಎಂಬುದೇ ಮುಖ್ಯ.

ಇನ್ನೊಂದು ಮುಖ್ಯ ವಿಷಯ ಕಿಡ್ನಿ. ಈ ಔಷಧ ಮೂತ್ರದಲ್ಲೇ ಹೊರಹೋಗಬೇಕು, ಹಾಗಾಗಿ ಕ್ರಿಯಾಟಿನಿನ್ ಕೇಳುತ್ತಾರೆ. ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ಕಿಡ್ನಿ ತೀರಾ ದುರ್ಬಲವಾಗಿದ್ದರೆ ಆ ಮಾತ್ರೆಯನ್ನು 48 ಗಂಟೆ ನಿಲ್ಲಿಸಲು ಹೇಳುವುದುಂಟು, ಕಿಡ್ನಿ ಸರಿಯಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಾವೇ ತೀರ್ಮಾನಿಸಿ ನಿಲ್ಲಿಸುವುದಲ್ಲ. ಥೈರಾಯ್ಡ್ ಹೆಚ್ಚಾಗಿರುವವರು, ಬಸುರಿಯಾಗಿರುವ ಸಾಧ್ಯತೆ ಇರುವವರು ಮೊದಲೇ ತಿಳಿಸಬೇಕು.

ಉಸಿರು ಹಿಡಿಯುವುದು ಯಾವ ಭಾಷೆಯಲ್ಲಿ?

ಸ್ಕ್ಯಾನ್ ಹೊತ್ತಿಗೆ ಸುಮಾರು ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಕೋಣೆಯಲ್ಲಿ ಆಗ ಬೇರೆ ಯಾರೂ ಇರುವುದಿಲ್ಲ. ಸ್ಪೀಕರಿನಲ್ಲಿ ಒಂದು ಧ್ವನಿ ಬರುತ್ತದೆ, ಹೆಚ್ಚಾಗಿ ಯಂತ್ರದಲ್ಲಿ ಮೊದಲೇ ತುಂಬಿಸಿಟ್ಟದ್ದು. ಅದು ಇಂಗ್ಲಿಷೋ ಹಿಂದಿಯೋ ಆಗಿರಬಹುದು, ಕಣ್ಣೂರು, ಕೋಝಿಕ್ಕೋಡ್ ಕಡೆ ಹೋದರೆ ಮಲಯಾಳವೂ ಆಗಬಹುದು. ಪೇಟೆಯವರಿಗೆ ತೊಂದರೆಯಿಲ್ಲ. ಎಣ್ಮಕಜೆ, ಪೈವಳಿಕೆಯ ಒಳಭಾಗದಲ್ಲಿ ತುಳುವೋ ಕನ್ನಡವೋ ಮಾತ್ರ ಆಡಿಕೊಂಡಿರುವ ಅಜ್ಜಿಗೆ ಆ ಧ್ವನಿ ‘ಉಸಿರು ಹಿಡಿ’ ಅಂದಿತೋ ‘ಬಿಡು’ ಅಂದಿತೋ ಗೊತ್ತಾಗದಿದ್ದರೆ ಚಿತ್ರ ಮಸುಕಾಗುತ್ತದೆ. ಕೊಟ್ಟ ಔಷಧ, ತಿಂದ ವಿಕಿರಣ ಎರಡೂ ದಂಡ. ಒಳಗೆ ಹೋಗುವ ಮೊದಲು ಟೆಕ್ನಿಷಿಯನ್ ಹತ್ತಿರ ‘ನೀವೇ ಕನ್ನಡದಲ್ಲಿ ಹೇಳಿ’ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಸಿದರೆ ಇನ್ನೂ ಒಳ್ಳೆಯದು.

ಪಂಪಿಂಗ್ 60 ಅಂದರೆ?

ಈ ಸ್ಕ್ಯಾನ್ ತೋರಿಸುವುದು ಬ್ಲಾಕ್ ಮಾತ್ರವಲ್ಲ. ಹೃದಯದ ಕೋಣೆಗಳ ಗಾತ್ರ, ವಾಲ್ವ್, ಮಹಾಪಧಮನಿ, ಹುಟ್ಟಿನಿಂದಲೇ ಅಡ್ಡದಾರಿ ಹಿಡಿದ ರಕ್ತನಾಳ, ಬೈಪಾಸ್ ಮಾಡಿದ ನಾಳ ತೆರೆದಿದೆಯೇ ಇತ್ಯಾದಿ ಕಾಣುತ್ತವೆ. ಮಿಡಿತದ ಇಡೀ ಸುತ್ತನ್ನು ಚಿತ್ರಿಸಿದರೆ ಎಡಗಡೆಯ ಕೆಳಕೋಣೆ ಪ್ರತಿ ಸಲ ಎಷ್ಟು ರಕ್ತ ಹೊರದೂಡುತ್ತದೆ ಎಂದೂ ಲೆಕ್ಕ ಹಾಕಬಹುದು. ಜನ ಹೇಳುವ ‘ಪಂಪಿಂಗ್’ ಅದೇ. 60 ಪರ್ಸೆಂಟ್ ಎಂದ ಕೂಡಲೇ ‘ಅಯ್ಯೋ, 40 ಪರ್ಸೆಂಟ್ ಹಾಳಾಗಿದೆ’ ಎಂದು ಮುಖ ಬಾಡಿಸಿಕೊಳ್ಳುವವರಿದ್ದಾರೆ. ಒಳ್ಳೆಯ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ, 60 ಎಂದರೆ ಸರಿಯಾಗಿಯೇ ಇದೆ. ಬರೀ ಪಂಪಿಂಗ್ ತಿಳಿಯಲಿಕ್ಕಾದರೆ ಸಿ.ಟಿ. ಬೇಡ. ವಿಕಿರಣವಿಲ್ಲದ, ಅಗ್ಗದ ಎಕೋ ಸಾಕು.

ಎಲ್ಲರಿಗೂ ಈ ಪರೀಕ್ಷೆ ಹೊಂದುವುದಿಲ್ಲ. ನಾಳದಲ್ಲಿ ಸುಣ್ಣ ವಿಪರೀತ ಕಟ್ಟಿದ್ದರೆ, ಮಿಡಿತ ತೀರಾ ಏರುಪೇರಾಗಿದ್ದರೆ, ಸಪೂರ ಸ್ಟೆಂಟ್ ಹಾಕಿದ್ದರೆ ಚಿತ್ರ ನಂಬಲಿಕ್ಕಾಗದು. ಎದೆನೋವಿಲ್ಲದ ಆರೋಗ್ಯವಂತರು ಪ್ಯಾಕೇಜ್ ಜಾಹೀರಾತು ನೋಡಿ ಡೈ ಹಾಕಿಸಿಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಹದಮಟ್ಟದ ಅನುಮಾನ ಇರುವವರಿಗೆ, ತೊಡೆಯಿಂದಲೋ ಕೈಯಿಂದಲೋ ನಳಿಗೆ ತೂರಿಸುವ ಆ್ಯಂಜಿಯೊಗ್ರಾಂ ತಪ್ಪಿಸಲು ಇದು ನಿಜವಾಗಿ ಉಪಕಾರಿ. ಸ್ಕಾಟ್ಲೆಂಡಿನಲ್ಲಿ ಎದೆನೋವಿನ 4,146 ರೋಗಿಗಳ ಮೇಲೆ ನಡೆದ ಅಧ್ಯಯನದ ಐದು ವರ್ಷಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮಾಮೂಲು ತಪಾಸಣೆಯ ಜತೆ ಸಿ.ಟಿ.ಯನ್ನೂ ಮಾಡಿಸಿದ ಗುಂಪಿನಲ್ಲಿ ಹೃದಯಾಘಾತ ಅಥವಾ ಹೃದ್ರೋಗದ ಸಾವು ಶೇ. 2.3, ಮಾಮೂಲು ತಪಾಸಣೆ ಮಾತ್ರ ಆದವರಲ್ಲಿ ಶೇ. 3.9. ಯಂತ್ರ ಯಾರನ್ನೂ ಗುಣ ಮಾಡಿದ್ದಲ್ಲ. ಕೊಬ್ಬು ಕಟ್ಟಿದ್ದು ಕಣ್ಣಿಗೆ ಕಂಡ ಮೇಲೆ ಸರಿಯಾದವರಿಗೆ ಸರಿಯಾದ ಮಾತ್ರೆ ಶುರುವಾಯಿತು.

ಹಠಾತ್ ಎದೆನೋವಿಗೆ ಇದಲ್ಲ

ಕುಳಿತಲ್ಲೇ ಎದೆ ಒತ್ತಿ ಬೆವರು ಹರಿಯುತ್ತಿದ್ದರೆ ಸಿ.ಟಿ. ನೆನಪಿಸಿಕೊಂಡು ಕಾರಿನಲ್ಲಿ ನೇರ ಮಂಗಳೂರಿಗೆ ಹೊರಡುವುದು ದೊಡ್ಡ ತಪ್ಪು. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ಆಗಬೇಕು. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಅಲ್ಲಿ ಔಷಧ ಕೊಟ್ಟು, ಮುಂದೆ ಎಲ್ಲಿಗೆಂದು ಅವರೇ ಹೇಳುತ್ತಾರೆ.

ಪೆರ್ಲದ ಕೃಷಿಕರು ಎರಡು ವಾರ ಬಿಟ್ಟು ಮತ್ತೆ ಹೋದರು. ಹಿಂದಿನ ದಿನದಿಂದ ಕಾಫಿ ಬಿಟ್ಟಿದ್ದರು, ಹಳೆಯ ರಿಪೋರ್ಟು, ಮಾತ್ರೆ ಚೀಟಿ ಎಲ್ಲ ಒಂದು ಚೀಲದಲ್ಲಿ. ಈ ಸಲ ಕೆಲಸ ಮುಗಿಯಿತು. ರಿಪೋರ್ಟಿನಲ್ಲಿ ‘ಕ್ಯಾಡ್-ರ್ಯಾಡ್ಸ್ 2’ ಎಂದಿತ್ತು. ಸೊನ್ನೆಯಿಂದ ಐದರ ತನಕ ಹೋಗುವ ಈ ಲೆಕ್ಕದಲ್ಲಿ 2 ಎಂದರೆ ನಾಳ ಶೇ. 25ರಿಂದ 49ರಷ್ಟು ಇಕ್ಕಟ್ಟು, 5 ಎಂದರೆ ಪೂರ್ತಿ ಬಂದ್. ಕೊಲೆಸ್ಟರಾಲ್ ಮಾತ್ರೆ ಶುರುವಾಗಿದೆ, ಬೀಡಿ ಬಿಡಲು ಹೇಳಿದ್ದಾರೆ. ಚಿತ್ರಗಳ ಸಿ.ಡಿ.ಯನ್ನೂ ಕೇಳಿ ತಂದಿದ್ದಾರೆ, ನಾಳೆ ಬೇರೆ ವೈದ್ಯರಿಗೆ ತೋರಿಸುವುದಿದ್ದರೆ ಮತ್ತೊಮ್ಮೆ ಡೈ ಹಾಕಿಸಿಕೊಳ್ಳುವುದು ತಪ್ಪುತ್ತದಲ್ಲ. ಕಾಫಿಯನ್ನು ಮಾತ್ರ ವಾಪಸ್ ಬರುವಾಗ ತಲಪಾಡಿಗಿಂತ ಮೊದಲೇ ಕುಡಿದರಂತೆ.