ಫೋನಿನ ಒಂದೇ ತುದಿಯಲ್ಲಿ ಅರಳಿದ ನಗು

ಜನರನ್ನು ನಗಿಸುವುದು ಹೇಗೆ? ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ. ಒಬ್ಬರ ಕುಂಟು ನಡಿಗೆ, ಇನ್ನೊಬ್ಬರ ತೊದಲು ಮಾತು, ಮತ್ತೊಬ್ಬರ ದಪ್ಪ ಮೈಯನ್ನು ಅಣಕಿಸುವುದು. ಅದೂ ಸಾಲದಿದ್ದರೆ ಒಂದು ದ್ವಂದ್ವಾರ್ಥದ ಮಾತು. ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಅದೇ ಸಭೆಯ ಮೂಲೆಯಲ್ಲಿ ಒಂದು ಮಗು ತಲೆ ತಗ್ಗಿಸಿ ಕುಳಿತಿರುತ್ತದೆ.

ಇವಾವುದರ ಹಂಗೂ ಇಲ್ಲದೆ ಅರ್ಧ ಶತಮಾನಕ್ಕೂ ಮಿಕ್ಕಿ ಜನರನ್ನು ನಗಿಸಿದವರು ಅಮೆರಿಕದ ಬಾಬ್ ನ್ಯೂಹಾರ್ಟ್. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳಬಹುದಾದ ಹಾಸ್ಯ ಅವರದು. ಸೋಜಿಗವೆಂದರೆ, ಸ್ವತಃ ಅವರೇ ತಡೆತಡೆದು ಮಾತನಾಡುವವರಾಗಿದ್ದರು!

ಲೆಕ್ಕ ತಪ್ಪಿದ ಲೆಕ್ಕಿಗ

ನ್ಯೂಹಾರ್ಟ್ ಹುಟ್ಟಿದ್ದು 1929ರಲ್ಲಿ, ಶಿಕಾಗೊ ನಗರದ ಪಕ್ಕದ ಓಕ್ ಪಾರ್ಕ್‌ನಲ್ಲಿ. 1952ರಲ್ಲಿ ವಾಣಿಜ್ಯ ವಿಷಯದಲ್ಲಿ ಪದವಿ ಪಡೆದರು. ಕೊರಿಯಾ ಯುದ್ಧದ ಕಾಲದಲ್ಲಿ ಸೇನೆಯಲ್ಲಿ ಗುಮಾಸ್ತಗಿರಿ ಮಾಡಿದರು. ಕಾನೂನು ಓದಲು ಸೇರಿದರೂ ಮುಗಿಸಲಿಲ್ಲ. ಕೊನೆಗೆ ಲೆಕ್ಕಪತ್ರದ ಕೆಲಸ ಹಿಡಿದರು. ದಿನದ ಚಿಲ್ಲರೆ ಹಣದ ಲೆಕ್ಕದಲ್ಲಿ ಕಡಿಮೆ ಬಿದ್ದರೆ ತಮ್ಮ ಜೇಬಿನಿಂದ ಹಾಕುವುದು, ಹೆಚ್ಚಾದರೆ ಜೇಬಿಗೆ ಇಳಿಸುವುದು, ಹೀಗೆ ತಾಳೆ ಮಾಡುತ್ತಿದ್ದೆನೆಂದು ಅವರೇ ಹೇಳಿ ನಗಿಸುತ್ತಿದ್ದರು. ಅಂಥವರಿಗೆ ಆ ಕೆಲಸ ಎಷ್ಟು ದಿನ ಒಗ್ಗೀತು?

ಬೇಸರ ಕಳೆಯಲು ಅವರೂ ಗೆಳೆಯರೊಬ್ಬರೂ ಫೋನಿನಲ್ಲಿ ತಮಾಷೆಯ ಸಂಭಾಷಣೆ ನಡೆಸಿ, ಅದನ್ನು ಧ್ವನಿಮುದ್ರಿಸಿ ರೇಡಿಯೊ ಕೇಂದ್ರಗಳಿಗೆ ಕಳುಹಿಸತೊಡಗಿದರು. ಅಷ್ಟರಲ್ಲಿ ಗೆಳೆಯ ಬೇರೆ ಕೆಲಸ ಹಿಡಿದು ನ್ಯೂಯಾರ್ಕಿಗೆ ಹೊರಟುಹೋದರು. ಫೋನಿನ ಒಂದು ತುದಿಯಲ್ಲಿ ನ್ಯೂಹಾರ್ಟ್. ಇನ್ನೊಂದು ತುದಿ ಖಾಲಿ!

ಖಾಲಿ ತುದಿಯ ಚಮತ್ಕಾರ

ಆ ಖಾಲಿ ತುದಿಯನ್ನು ಅವರು ಖಾಲಿಯಾಗಿಯೇ ಬಿಟ್ಟರು. ಅತ್ತಲಿಂದ ಯಾರೋ ಮಾತನಾಡುತ್ತಿದ್ದಾರೆ, ತಾವು ಕೇಳಿಸಿಕೊಂಡು ಉತ್ತರಿಸುತ್ತಿದ್ದೇವೆ ಎಂಬಂತೆ ಅಭಿನಯಿಸಿದರು. ಸಮೀಕರಣದ ಒಂದು ಬದಿ ಗೊತ್ತಿದ್ದರೆ ಇನ್ನೊಂದನ್ನು ಕಂಡುಹಿಡಿಯಬಹುದಲ್ಲವೆ? ಹಾಗೆಯೇ ಅತ್ತಲಿನ ಮಾತೇನಿರಬಹುದೆಂಬುದನ್ನು ಕೇಳುಗರೇ ಊಹಿಸಬೇಕು. ಊಹೆ ಹೊಳೆದ ಕ್ಷಣವೇ ನಗು.

ತಂಬಾಕಿನ ಕುರಿತ ಅವರ ಪ್ರಸಂಗ ಪ್ರಸಿದ್ಧ. ಅಮೆರಿಕದಲ್ಲಿರುವ ಸರ್ ವಾಲ್ಟರ್ ರಾಲಿ, ತಾನು ಕಂಡ ಹೊಸ ಎಲೆಯ ಮಹಿಮೆಯನ್ನು ಇಂಗ್ಲೆಂಡಿನ ವ್ಯಾಪಾರಿಗೆ ಫೋನಿನಲ್ಲಿ ವಿವರಿಸುತ್ತಾನೆ. ನಮಗೆ ಕೇಳಿಸುವುದು ವ್ಯಾಪಾರಿಯ ಮಾತಷ್ಟೇ. ಒಣಗಿದ ಎಲೆಯನ್ನು ಚೂರು ಮಾಡಿ, ಕಾಗದದಲ್ಲಿ ಸುತ್ತಿ, ತುಟಿಗಿಟ್ಟು ಬೆಂಕಿ ಹಚ್ಚಬೇಕೆ ಎಂದು ಅವನು ನಂಬಲಾಗದೆ ಕೇಳುತ್ತಾನೆ. ರಾಲಿ ಸತ್ತದ್ದು 1618ರಲ್ಲಿ. ಬೆಲ್ ಅವರಿಗೆ ಟೆಲಿಫೋನಿನ ಪೇಟೆಂಟ್ ದೊರೆತದ್ದು 1876ರಲ್ಲಿ! ಇತಿಹಾಸ ತಪ್ಪಿದರೂ ಸತ್ಯ ತಪ್ಪಿಲ್ಲ. ನಿತ್ಯ ನೋಡಿ ರೂಢಿಯಾದ ಚಟವೊಂದನ್ನು ಮೊದಲ ಸಲ ನೋಡುವವರ ಕಣ್ಣಿನಿಂದ ತೋರಿಸಿದಾಗ ಅದು ಎಷ್ಟು ವಿಚಿತ್ರ! ಒಂದು ಬೈಗುಳವಿಲ್ಲ, ಉಪದೇಶವೂ ಇಲ್ಲ.

1960ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ ನಗರದಲ್ಲಿ ಪ್ರೇಕ್ಷಕರ ಮುಂದೆ ಅವರ ಮೊದಲ ಧ್ವನಿಮುದ್ರಿಕೆ ಸಿದ್ಧವಾಯಿತು. ಅಮೆರಿಕದ ಜನಪ್ರಿಯತಾ ಪಟ್ಟಿಯಲ್ಲಿ ಹಾಡುಗಳನ್ನೆಲ್ಲ ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿದ ಪ್ರಥಮ ಹಾಸ್ಯ ಮುದ್ರಿಕೆ ಅದು. 1961ರಲ್ಲಿ ಅದಕ್ಕೆ ವರ್ಷದ ಅತ್ಯುತ್ತಮ ಮುದ್ರಿಕೆಯೆಂಬ ಗ್ರ್ಯಾಮಿ ಪ್ರಶಸ್ತಿ ಸಂದಿತು.

ತಡೆಯೇ ಬಂಡವಾಳ

ಮುಂದೆ ಅವರು ದೂರದರ್ಶನ ಧಾರಾವಾಹಿಗಳ ನಾಯಕರಾದರು. ಒಮ್ಮೆ ಕಂತು ಉದ್ದವಾಯಿತೆಂದು ನಿರ್ಮಾಪಕರು, ತಡವರಿಸದೆ ಸ್ವಲ್ಪ ಬೇಗ ಮಾತನಾಡಲಾಗದೇ ಎಂದು ಕೇಳಿದರಂತೆ. ತಾನು ಬಂಗಲೆ ಕೊಂಡದ್ದೇ ಈ ತೊದಲಿನ ದುಡ್ಡಿನಿಂದ, ಅದನ್ನು ಬಿಡಲಾರೆ ಎಂದರಂತೆ ನ್ಯೂಹಾರ್ಟ್! ಅವರು ತಡೆದು ನಿಲ್ಲುವ ಆ ಅರೆಕ್ಷಣದಲ್ಲೇ ಕೇಳುಗರ ಊಹೆ ಓಡುತ್ತಿತ್ತು. ದೋಷವೆಂದು ಎಣಿಸಬಹುದಾದದ್ದೇ ಅವರ ಕಲೆಯ ಜೀವಾಳವಾಯಿತು.

2013ರಲ್ಲಿ, 84ನೆಯ ವಯಸ್ಸಿನಲ್ಲಿ, ನಟನೆಗಾಗಿ ಅವರಿಗೆ ಮೊದಲ ಎಮ್ಮಿ ಪ್ರಶಸ್ತಿ ಬಂತು. ‘ದಿ ಬಿಗ್ ಬ್ಯಾಂಗ್ ಥಿಯರಿ’ ಧಾರಾವಾಹಿಯಲ್ಲಿ ಅವರದು ಪ್ರೊಫೆಸರ್ ಪ್ರೋಟಾನ್ ಎಂಬ ಪಾತ್ರ. ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಟಿ.ವಿ. ಮೇಷ್ಟರು! 2024ರ ಜುಲೈ 18ರಂದು, 94ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಪಾಲಕರು ಗಮನಿಸಬೇಕಾದ ಮಾತೊಂದಿದೆ. ಉಗ್ಗು ಬುದ್ಧಿಯ ಕೊರತೆಯಲ್ಲ. ಮಗು ತಡವರಿಸಿದಾಗ ‘ಬೇಗ ಹೇಳು’ ಎಂದು ಗದರಿದರೆ ಅದು ಕಡಿಮೆಯಾಗದು. ಮಾತಿನ ನಡುವೆ ಬಾಯಿ ಹಾಕದೆ, ತಾಳ್ಮೆಯಿಂದ ಪೂರ್ತಿ ಕೇಳಬೇಕು. ಅಗತ್ಯವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರ ನೆರವಿದೆ.

ವಿದ್ಯಾರ್ಥಿಗಳೇ, ಮುಂದಿನ ವಾರ್ಷಿಕೋತ್ಸವಕ್ಕೆ ಹಾಸ್ಯ ಬರೆಯುವಾಗ ಸಹಪಾಠಿಯ ಮಾತನ್ನೋ ಮೈಯನ್ನೋ ಬಿಡಿ. ಮನೆಯವರು ಫೋನಿನಲ್ಲಿ ಮಾತನಾಡುವಾಗ ಇತ್ತ ಕಡೆಯ ಮಾತನ್ನಷ್ಟೇ ಕಿವಿಗೊಟ್ಟು ಕೇಳಿ. ಅಲ್ಲೇ ಒಂದು ನಾಟಕ ಸಿಕ್ಕೀತು. ಅದನ್ನು ಕಂಡು ಸಭೆಯಲ್ಲಿ ಎಲ್ಲರೂ ನಗಬಹುದು, ಆ ಮೂಲೆಯ ಮಗುವೂ ಸೇರಿ.