ಬೇಗ ಹುಟ್ಟಿದ ಮಗುವಿನ ಮೇಲೆ ಒಂದು ಕಣ್ಣಿರಲಿ



ಹಳೇಬೀಡು ಕಡೆಯ ಒಂದು ಹಳ್ಳಿಯಲ್ಲಿ ಸಂಘದ ವಾರದ ಸಭೆ ನಡೆಯುತ್ತಿತ್ತು. ಉಳಿತಾಯದ ಹಣ ಕಟ್ಟಿಸಿಕೊಂಡು, ಸಾಲದ ಲೆಕ್ಕ ಬರೆದು ಮುಗಿಸುವ ಹೊತ್ತಿಗೆ ಒಬ್ಬ ಸದಸ್ಯೆ ತನ್ನ ಮಗುವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, "ನೋಡಿ ಸಿಸ್ಟರ್, ಏಳು ತಿಂಗಳಿಗೇ ಹುಟ್ಟಿದ್ದು. ಆದ್ರೂ ಎಷ್ಟು ಗಟ್ಟಿ! ಈಗಲೇ ನಿಲ್ಲುತ್ತೆ" ಅಂದರು. ಎಲ್ಲರೂ ಖುಷಿಪಟ್ಟರು. ನಾನೂ ಮಗುವನ್ನು ಎತ್ತಿಕೊಂಡೆ. ಕಾಲುಗಳು ಕಡ್ಡಿಯ ಹಾಗೆ ಸೆಟೆದಿದ್ದವು. ಪಾದ ಊರದೆ ತುದಿಗಾಲಲ್ಲಿ ನಿಲ್ಲುತ್ತಿತ್ತು, ಒಂದು ಕಾಲು ಇನ್ನೊಂದರ ಮೇಲೆ ಕತ್ತರಿ ಹಾಕಿಕೊಳ್ಳುತ್ತಿತ್ತು. ಎರಡೂ ಕೈ ಮುಷ್ಟಿ ಬಿಗಿದಿದ್ದವು.

ಸಭೆ ಮುಗಿದ ಮೇಲೆ ಆ ತಾಯಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. "ನೀರು ಹಾಕುವಾಗ ತೊಡೆ ಬಿಡಿಸೋದೇ ಕಷ್ಟ ಅಂತ ನಮ್ಮತ್ತೆ ಹೇಳ್ತಿದ್ರು. ತೂಕ ಕಡಿಮೆ ಇರೋ ಮಗು, ನಿಧಾನಕ್ಕೆ ಸರಿಹೋಗುತ್ತೆ ಅಂತ ಎಲ್ಲರೂ ಅಂದ್ರು, ಸುಮ್ನಿದ್ವಿ" ಅಂದರು. ಅವರ ಪ್ರೀತಿಯಲ್ಲಿ ಏನೂ ಕಡಿಮೆ ಇರಲಿಲ್ಲ, ಮಗುವನ್ನು ಕಣ್ಣಿಟ್ಟು ನೋಡಿಕೊಂಡಿದ್ದರು. ಆದರೆ ಏನನ್ನು ನೋಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕಾಗಿಯೇ ಈ ಲೇಖನ.

ಏನಿದು ಸೆರೆಬ್ರಲ್ ಪಾಲ್ಸಿ?

ಕನ್ನಡದಲ್ಲಿ ಇದನ್ನು ಮೆದುಳಿನ ಪಾರ್ಶ್ವವಾಯು ಎನ್ನುತ್ತಾರೆ. ಗರ್ಭದಲ್ಲಿ, ಹೆರಿಗೆಯ ಸಮಯದಲ್ಲಿ ಅಥವಾ ಹುಟ್ಟಿದ ಮೇಲೆ, ಬೆಳೆಯುತ್ತಿರುವ ಮೆದುಳಿಗೆ ಆಗುವ ಪೆಟ್ಟಿನಿಂದ ಇದು ಬರುತ್ತದೆ. ಕೈಕಾಲು ಸರಿಯಾಗಿಯೇ ಇರುತ್ತವೆ, ಅವುಗಳಿಗೆ ಹೀಗೆ ಅಲುಗಾಡು ಎಂದು ಹೇಳುವ ಮೆದುಳಿನ ಭಾಗಕ್ಕೆ ತೊಂದರೆಯಾಗಿರುತ್ತದೆ. ಇದು ಅಂಟುರೋಗವಲ್ಲ. ಮೆದುಳಿಗೆ ಆದ ಪೆಟ್ಟು ದಿನದಿಂದ ದಿನಕ್ಕೆ ಹೆಚ್ಚುವುದಿಲ್ಲ. ಆದರೆ ಆರೈಕೆ ಇಲ್ಲದೆ ಬಿಟ್ಟರೆ ಸ್ನಾಯುಗಳು ಬಿಗಿದುಕೊಂಡು, ಕೀಲುಗಳು ಮಡಚಿಕೊಂಡು ಮಗುವಿನ ಕಷ್ಟ ಹೆಚ್ಚುತ್ತದೆ.

ತಾಯಿ ಗ್ರಹಣ ನೋಡಿದ್ದಕ್ಕೋ, ಯಾರದೋ ದೃಷ್ಟಿ ತಾಕಿದ್ದಕ್ಕೋ ಇದು ಬರುವುದಿಲ್ಲ. ಸೊಸೆಯ ಮೇಲೆ ತಪ್ಪು ಹೊರಿಸುವುದನ್ನು ನಾವು ಹೆಂಗಸರೇ ಮೊದಲು ನಿಲ್ಲಿಸಬೇಕು.

ಯಾವ ಮಕ್ಕಳಿಗೆ ಹೆಚ್ಚು ಎಚ್ಚರ ಬೇಕು?

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು ಹೀಗೆ ಬೇಗ ಹುಟ್ಟಿದರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಇವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ, ಗಾಬರಿ ಬೇಡ. ಆದರೆ 32 ವಾರಕ್ಕೂ ಮುಂಚೆ ಹುಟ್ಟಿದವರು, ಒಂದೂವರೆ ಕಿಲೋಗಿಂತ ಕಡಿಮೆ ತೂಕದವರು, ಹುಟ್ಟಿದ ಕೂಡಲೇ ಅಳದವರು, ಕಾಮಾಲೆ ತೀವ್ರವಾಗಿ ಏರಿದವರು, ಫಿಟ್ಸ್ ಅಥವಾ ಮೆದುಳುಜ್ವರ ಬಂದವರು, ಅವಳಿ ಮಕ್ಕಳು, ಇವರನ್ನು ಎರಡು ವರ್ಷದವರೆಗೆ ವಿಶೇಷವಾಗಿ ಗಮನಿಸಬೇಕು. ತುಂಬು ದಿನಕ್ಕೆ ಹುಟ್ಟಿದ ಮಕ್ಕಳಲ್ಲೂ ಈ ತೊಂದರೆ ಕಾಣಬಹುದು ಎಂಬುದು ನೆನಪಿರಲಿ.

ವಯಸ್ಸಿನ ಲೆಕ್ಕ ಹೇಗೆ?

ಸಂಘದ ಲೆಕ್ಕ ಬರೆಯುವ ನಿಮಗೆ ಇದು ಸುಲಭ. ಬೇಗ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಹುಟ್ಟಿದ ತಾರೀಖಿನಿಂದ ಅಳೆಯಬಾರದು, ಡಾಕ್ಟರು ಕೊಟ್ಟಿದ್ದ ಡೇಟಿನಿಂದ ಅಳೆಯಬೇಕು. ಆ ಡೇಟು ನಿಮ್ಮ ತಾಯಿ ಕಾರ್ಡಿನಲ್ಲಿ ಇರುತ್ತದೆ. ಉದಾಹರಣೆಗೆ, ಡಾಕ್ಟರು ಕೊಟ್ಟ ಡೇಟು ಆಗಸ್ಟ್ 10. ಮಗು ಹುಟ್ಟಿದ್ದು ಜೂನ್ 10ಕ್ಕೆ. ಡಿಸೆಂಬರ್ 10ಕ್ಕೆ ಮಗುವಿಗೆ ಹುಟ್ಟಿನ ಲೆಕ್ಕದಲ್ಲಿ 6 ತಿಂಗಳು. ಆದರೆ 2 ತಿಂಗಳು ಕಳೆದು, 4 ತಿಂಗಳ ಮಗು ಮಾಡುವುದನ್ನು ಅದು ಮಾಡುತ್ತಿದೆಯೇ ಎಂದು ನೋಡಬೇಕು. ಇದನ್ನು ಸರಿಪಡಿಸಿದ ವಯಸ್ಸು ಎನ್ನೋಣ. ಎರಡು ವರ್ಷದವರೆಗೆ ಇದೇ ಲೆಕ್ಕ.

ಆದರೆ ಚುಚ್ಚುಮದ್ದಿಗೆ ಈ ಲೆಕ್ಕ ಬೇಡ. ಲಸಿಕೆಯನ್ನು ಹುಟ್ಟಿದ ತಾರೀಖಿನ ಪ್ರಕಾರವೇ ಹಾಕಿಸಬೇಕು.

ಯಾವ ಸೂಚನೆಗಳನ್ನು ಗಮನಿಸಬೇಕು?

(ಇಲ್ಲಿ ಹೇಳಿರುವುದೆಲ್ಲ ಸರಿಪಡಿಸಿದ ವಯಸ್ಸು.)

• 3 ತಿಂಗಳಾದರೂ ತಾಯಿಯ ಮುಖ ನೋಡಿ ನಗುವುದಿಲ್ಲ.
• 4 ತಿಂಗಳಾದರೂ ಕತ್ತು ನಿಲ್ಲುವುದಿಲ್ಲ. ಕೈ ಯಾವಾಗಲೂ ಮುಷ್ಟಿ ಬಿಗಿದೇ ಇರುತ್ತದೆ, ಹೆಬ್ಬೆರಳು ಒಳಗೆ ಸೇರಿಕೊಂಡಿರುತ್ತದೆ.
• 6 ತಿಂಗಳಾದರೂ ಗಿಲಕಿಗೆ ಕೈ ಚಾಚುವುದಿಲ್ಲ.
• 9 ತಿಂಗಳಾದರೂ ಆಸರೆಯಿಲ್ಲದೆ ಕೂರುವುದಿಲ್ಲ.
• 18 ತಿಂಗಳಾದರೂ ನಡೆಯುವುದಿಲ್ಲ.
• ಯಾವ ವಯಸ್ಸಿನಲ್ಲೇ ಆಗಲಿ: ಮೈ ಸೆಟೆದುಕೊಂಡಿರುವುದು, ಅಥವಾ ಅದಕ್ಕೆ ಉಲ್ಟಾ, ಒದ್ದೆ ಬಟ್ಟೆಯ ಹಾಗೆ ಜೋತುಬೀಳುವುದು, ಹಾಲು ಚೀಪಲು ನುಂಗಲು ಕಷ್ಟ, ಪದೇ ಪದೇ ನೆತ್ತಿಗೆ ಹತ್ತುವುದು, ಒಂದು ಕಡೆಯ ಕೈಕಾಲು ಮಾತ್ರ ಆಡಿಸುವುದು.

ನಮ್ಮನ್ನು ಮೋಸಗೊಳಿಸುವ ಮೂರು ಸೂಚನೆಗಳಿವೆ. ಇವು ನೋಡಲು ಜಾಣತನದ ಹಾಗೆ ಕಾಣುತ್ತವೆ. ಒಂದು, ನಾಲ್ಕೈದು ತಿಂಗಳಿಗೇ ತುದಿಗಾಲಲ್ಲಿ ಸೆಟೆದು "ನಿಲ್ಲುವುದು". ಎರಡು, ಎತ್ತಿಕೊಂಡಾಗ ತಲೆ ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿಸುವುದು. ಇದನ್ನು ನೋಡಿ ಕತ್ತು ಬೇಗ ನಿಂತಿತು ಅಂದುಕೊಳ್ಳುತ್ತೇವೆ. ಮೂರು, ವರ್ಷ ತುಂಬುವ ಮೊದಲೇ ಯಾವಾಗಲೂ ಒಂದೇ ಕೈ ಬಳಸುವುದು. ಎಡಗೈ ಆದರೆ "ಎಡಚ" ಅಂತೇವೆ, ಬಲಗೈ ಆದರೆ ಏನೂ ಅನ್ನುವುದೇ ಇಲ್ಲ! ಆ ವಯಸ್ಸಿನಲ್ಲಿ ಮಗು ಎರಡೂ ಕೈ ಸಮನಾಗಿ ಬಳಸಬೇಕು. ಒಂದನ್ನೇ ಬಳಸಿದರೆ ಇನ್ನೊಂದಕ್ಕೆ ಏನಾಗಿದೆ ಎಂದು ಕೇಳಬೇಕು.

ಸಾಲುಸಾಲಾಗಿ ಬೆಚ್ಚಿಬಿದ್ದ ಹಾಗೆ ತಲೆ ಬಾಗಿಸಿ ಕೈ ಚಾಚುತ್ತಿದ್ದರೆ ಅದು ಫಿಟ್ಸ್ ಇರಬಹುದು. ನಾಳೆ ಅನ್ನಬೇಡಿ, ಅಂದೇ ಆಸ್ಪತ್ರೆಗೆ ಹೊರಡಿ.

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಕಾಯಿಲೆ ಇದೆ ಎಂದು ಅರ್ಥವಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು, ನೀವೂ ಅಲ್ಲ, ನಾನೂ ಅಲ್ಲ. ತೋರಿಸುವುದು ಮಾತ್ರ ನಮ್ಮ ಕೆಲಸ.

ಬೇಗ ತೋರಿಸಿದರೆ ಏನು ಲಾಭ?

ಹಿಂದೆಲ್ಲ ಒಂದರಿಂದ ಎರಡು ವರ್ಷ ಆಗುವವರೆಗೆ ಕಾದು ನೋಡಿ ಎನ್ನುತ್ತಿದ್ದರು. 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ, ಸರಿಪಡಿಸಿದ ವಯಸ್ಸು 6 ತಿಂಗಳಾಗುವ ಮೊದಲೇ ಅನೇಕ ಮಕ್ಕಳಲ್ಲಿ ಇದನ್ನು ಗುರುತಿಸಬಹುದು, ಕಾಯಬಾರದು ಎಂದು ತಿಳಿಸಿದರು. ಮೊದಲ ಎರಡು ವರ್ಷ ಮೆದುಳು ಹಸಿ ಮಣ್ಣಿನ ಹಾಗೆ. ಆಗ ಕಲಿಸಿದ್ದನ್ನು ಬೇಗ ಹಿಡಿಯುತ್ತದೆ. ಫಿಸಿಯೋಥೆರಪಿ, ಎತ್ತಿಕೊಳ್ಳುವ ಸರಿಯಾದ ರೀತಿ, ಉಣಿಸುವ ಕ್ರಮ, ಆಟದ ಮೂಲಕ ಕಲಿಕೆ, ಇವುಗಳಿಂದ ಮಗು ಕೂರುವುದು, ಕೈಯಲ್ಲಿ ತಿನ್ನುವುದು, ಮಾತಾಡುವುದು, ಶಾಲೆಗೆ ಹೋಗುವುದು ಎಷ್ಟೋ ಸುಲಭವಾಗುತ್ತದೆ.

"ಪೂರ್ತಿ ವಾಸಿ ಮಾಡ್ತೇವೆ" ಎಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ನಂಬಬೇಡಿ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಅಂಥದ್ದಕ್ಕೆ ಸಂಘದಿಂದ ಸಾಲ ಎತ್ತಬೇಡಿ, ಒಡವೆ ಅಡ ಇಡಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ಆಶಾ ಅಕ್ಕನಿಗೆ ಅಥವಾ ಅಂಗನವಾಡಿ ಟೀಚರಿಗೆ ತಿಳಿಸಿ. ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗೆ 42 ದಿನಗಳೊಳಗೆ ಹಲವು ಸಲ ಭೇಟಿ ಕೊಡುತ್ತಾರೆ. ಆಗ ಸಂಕೋಚವಿಲ್ಲದೆ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ (ಆರ್‌ಬಿಎಸ್‌ಕೆ) ಡಾಕ್ಟರರ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಇದು ಉಚಿತ. ತಂಡ ಬರುವ ದಿನ ಮಗುವನ್ನು ತಪ್ಪದೆ ಕರೆದೊಯ್ಯಿರಿ.

ಅರಸೀಕೆರೆ, ಬೇಲೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಬಹುದು. ಹೆಚ್ಚಿನ ಪರೀಕ್ಷೆಗೆ ಹಾಸನದ ಹಿಮ್ಸ್ ಆಸ್ಪತ್ರೆ ಇದೆ. ಮಾತು, ಕಿವಿ ಹಾಗೂ ನುಂಗುವ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅರಸೀಕೆರೆಯವರಿಗೆ ಹಾಸನದ ಮೇಲೆ ಮೈಸೂರಿಗೆ ರೈಲು ಉಂಟು.

ಹೋಗುವಾಗ ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಮಗು ಎಚ್ಚರವಾಗಿ, ಅಳದೆ, ಅಂಗಾತ ಮಲಗಿರುವಾಗ ಎರಡು ಮೂರು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋದರೆ ಡಾಕ್ಟರಿಗೆ ಬಹಳ ಸಹಾಯ. "ದೊಡ್ಡದಾದ ಮೇಲೆ ಸರಿಹೋಗುತ್ತೆ" ಎಂಬ ಉತ್ತರ ಸಿಕ್ಕಿ, ನಿಮ್ಮ ಮನಸ್ಸು ಒಪ್ಪದಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಹಿಂಜರಿಯಬೇಡಿ. ಬೇಗ ಹುಟ್ಟಿದ ಮಗುವಿನ ಕಣ್ಣಿನ ಪರೀಕ್ಷೆಯನ್ನು 30 ದಿನದೊಳಗೆ ಮಾಡಿಸಬೇಕು, ಕಿವಿ ಪರೀಕ್ಷೆಯೂ ಆಗಬೇಕು.

ಮನೆಯಲ್ಲಿ ಏನು ಮಾಡಬೇಕು?

• ಎಣ್ಣೆ ಹಚ್ಚಿ, ಆದರೆ ಕೈಕಾಲು ಜಗ್ಗಬೇಡಿ, ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ. ಮೂಗು ಕಿವಿಗೆ ಎಣ್ಣೆ ಬಿಡಬೇಡಿ.
• ಮಲಗಿಸಿ ಒಳಲೆಯಲ್ಲಿ ಸುರಿಯಬೇಡಿ. ತಲೆ ಎತ್ತರಕ್ಕೆ ಹಿಡಿದು ಸ್ವಲ್ಪ ಸ್ವಲ್ಪವೇ ಕುಡಿಸಿ.
• ವಾಕರಿನಲ್ಲಿ ನಿಲ್ಲಿಸಬೇಡಿ.
• ಮಾತಾಡಿಸಿ, ಹಾಡಿ, ಎಲ್ಲರ ಮಧ್ಯೆ ಕೂರಿಸಿ. ಬುದ್ಧಿ ಚುರುಕಾಗಿರುವ ಎಷ್ಟೋ ಮಕ್ಕಳು ಮೈ ಮಾತು ಕೇಳದ ಕಾರಣಕ್ಕೆ ಮೂಲೆ ಸೇರಿದ್ದಾರೆ.

ಸಂಘ ಏನು ಮಾಡಬಹುದು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮೆದುಳಿನ ಪಾರ್ಶ್ವವಾಯು ಸೇರಿದೆ. ಡಾಕ್ಟರು ಖಚಿತಪಡಿಸಿದ ಮೇಲೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಆ ತಾಯಿಗೆ ನೆರವಾಗಿ. ಸರ್ಕಾರದ ಸೌಲಭ್ಯಗಳಿಗೆ ಈ ಕಾರ್ಡೇ ಬಾಗಿಲು.

ಇನ್ನೊಂದು ಮಾತು. ಥೆರಪಿ ನಿಂತುಹೋಗುವುದು ಸಾಮಾನ್ಯವಾಗಿ ಪ್ರೀತಿ ಇಲ್ಲದ್ದಕ್ಕಲ್ಲ. ಬಸ್ ಚಾರ್ಜಿಗೆ, ಕೂಲಿ ತಪ್ಪಿದ್ದಕ್ಕೆ, ಜೊತೆಗೆ ಬರುವವರಿಲ್ಲದ್ದಕ್ಕೆ. ಕಾಫಿ ತೋಟದ ಕೆಲಸ ಬಿಟ್ಟು ವಾರವಾರ ಹಾಸನಕ್ಕೆ ಹೋಗುವುದು ಒಬ್ಬಳಿಂದ ಆಗದು. ಆಚೆ ಮಗುವನ್ನು ಶಾಲೆಯಿಂದ ಕರೆತರಲು ಒಬ್ಬರು, ಹಸು ನೋಡಿಕೊಳ್ಳಲು ಒಬ್ಬರು, ಜೊತೆಗೆ ಹೋಗಲು ಒಬ್ಬರು, ಇಷ್ಟು ಹಂಚಿಕೊಂಡರೆ ಸಾಕು.

ಮೊದಲು ಹೇಳಿದ ಆ ತಾಯಿಯ ಜೊತೆ ಅವರ ಸಂಘದವರು ಸರದಿಯ ಮೇಲೆ ಆಸ್ಪತ್ರೆಗೆ ಹೋದರು. ಆ ಮಗು ಈಗ ಗೋಡೆಗೆ ಒರಗದೆ ಕೂರುತ್ತದೆ, ರೊಟ್ಟಿ ಚೂರನ್ನು ತಾನೇ ಹಿಡಿದು ತಿನ್ನುತ್ತದೆ. ನಡೆಯುತ್ತದೋ ಇಲ್ಲವೋ ಈಗಲೇ ಹೇಳಲಾಗದು. "ಇನ್ನೂ ಎರಡು ತಿಂಗಳು ಮುಂಚೆ ಗೊತ್ತಾಗಿದ್ರೆ ಸಿಸ್ಟರ್" ಎಂದು ತಾಯಿ ಒಮ್ಮೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಸಭೆಯಲ್ಲಿ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಬೀದಿಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಗು ಯಾರ ಮನೆಯಲ್ಲಿದೆ? ನಾಳೆಯೇ ಹೋಗಿ ಆ ಮಗುವನ್ನು ಎತ್ತಿಕೊಂಡು ಬನ್ನಿ.